ಕೂಡ್

ಧೋಬಿ ತಲಾವ್‌ನ ಹಿಂದಿನ ಗಲ್ಲಿ, ಮೂರನೆಯ ಮಾಳಿಗೆ.
ಮರದ ಏಣಿಮೆಟ್ಟಿಲಲ್ಲಿ ಹದಿನಾಲ್ಕನೆಯದು ಇಲ್ಲ;
ಇಲ್ಲದ ಕಡೆ ಕಾಲಿಡದೆ ಹತ್ತುವುದು
ಇಲ್ಲಿಯವರಿಗೆ ಕತ್ತಲಲ್ಲೂ ಗೊತ್ತು.
ಗೋಡೆಯುದ್ದಕ್ಕೂ ಟ್ರಂಕುಗಳು, ಒಂದೊಂದರ ಮೇಲೆ ಒಬ್ಬೊಬ್ಬ.
ಹಡಗು ಕರೆಯುವವರೆಗೆ ಅದೇ ಕುರ್ಚಿ,
ಅದೇ ಕಪಾಟು, ಅದೇ ಊರು.

ಅವರ ಕೊಂಕಣಿಯಲ್ಲಿ ಕೂಡ್ ಎಂದರೆ ಬರೀ ಕೋಣೆ.
ಹಳಿಯಾಳದಿಂದ ಬಂದ ನನ್ನ ಕಿವಿಗೆ
ಹನ್ನೊಂದು ವರ್ಷವಾದರೂ
ಯಾರೋ ಜರುಗಿ, ಜಾಗ ಬಿಟ್ಟು
‘ಕೂಡು’ ಅಂದ ಹಾಗೇ ಕೇಳುತ್ತದೆ.

ನಾನು ಅಡುಗೆಯವ. ಕಾಯುವುದರಲ್ಲಿ
ನನಗೆ ಪಾಲಿಲ್ಲ ಅಂದುಕೊಂಡಿದ್ದೆ,
ಬೇಳೆ ಬೇಯುವುದನ್ನು, ಬಾಂಗಡೆಯ ಬೆಲೆ ಇಳಿಯುವುದನ್ನು,
ನಸುಕಿನ ನಾಲ್ಕಕ್ಕೆ ನಳ ಕೆಮ್ಮುವುದನ್ನು
ಬಿಟ್ಟರೆ.

ಆಗಮನ ಕಾಲದ ಹಿಂದಿನ ದಿನ
ಮೂವತ್ತು ವರ್ಷ ಬೋಸನ್ ಆಗಿದ್ದ ಬಸ್ತಾಂವ್ ಮಾಮ
ಹಳೆಯ ಹಡಗಿನ ಹಗ್ಗ ತಂದು ಎಳೆಗೆ ಎಳೆ ಹೆಣೆದ.
ಎಲ್ಲಿ ಶುರು, ಎಲ್ಲಿ ಕೊನೆ, ಹುಡುಕಿರಿ ನೋಡೋಣ ಅಂದ.
ಯಾರಿಗೂ ಸಿಗಲಿಲ್ಲ.
ಆ ಬಳೆಯ ಮೇಲೆ ಇರಾನಿ ಹೋಟೆಲಿನ ಎದುರಿನ ಅಶೋಕದೆಲೆ,
ನಾಲ್ಕು ಚಹಾ ಗ್ಲಾಸು, ನಾಲ್ಕು ಮೇಣದಬತ್ತಿ:
ಮೂರು ನೇರಳೆ. ಗುಲಾಬಿಯದು ಸಿಗದೆ
ಬಿಳಿಯದೊಂದಕ್ಕೆ ರುಜಾರ್ ಬೀಟ್‌ರೂಟಿನ ರಸ ಬಳಿದ.
ಹತ್ತಲಿಲ್ಲ.
ಹತ್ತಿತು ಅಂತ ಎಲ್ಲರೂ ಒಪ್ಪಿಕೊಂಡೆವು.

ಸಂಜೆ ಎಂಟಕ್ಕೆ ಜಪಸರ. ಫೋನುಗಳೆಲ್ಲ
ಸಂತನ ಪಾದದ ಬಳಿ ಮುಖ ಮೇಲಾಗಿ ಮಲಗುತ್ತವೆ.
ಯಾರದೇ ಮಿನುಗಲಿ,
ಹನ್ನೆರಡು ಬಾಯಿಯೂ ‘ನಮಾನ್ ಮರಿಯೆ’ಯ ನಡುವೆ
ಒಂದಿಷ್ಟು ತಡವರಿಸಿ ಮುಂದೆ ಹೋಗುತ್ತವೆ.
ಎಂಟು ತಿಂಗಳಿಂದ ಕೂತ ಇನಾಸ್ ಹೇಳುತ್ತಾನೆ:
‘ಊರಲ್ಲಿ ಕಾದರೆ ಹೆಂಡತಿ ದಿನಾ ಕ್ಯಾಲೆಂಡರ್ ನೋಡುತ್ತಾಳೆ.
ಇಲ್ಲಿ ನಮಗೆಲ್ಲ ಸೇರಿ ಒಂದೇ ಕ್ಯಾಲೆಂಡರು,
ಅದೂ ಹೋದ ವರ್ಷದ್ದು.’

ಮೂರನೆಯ ಭಾನುವಾರ, ಬೀಟ್‌ರೂಟಿನ ಬತ್ತಿ
ಉರಿಯುತ್ತಿರುವಾಗಲೇ, ಕಿರಿಯ ಕೈತಾನನ ಫೋನು ನಡುಗಿತು.
ಬುಧವಾರ ರಾತ್ರಿ ವಿಮಾನ. ಸಿಂಗಾಪುರದಲ್ಲಿ ಹಡಗು.
ಖುಷಿಗೆ ಅತ್ತ; ಆಮೇಲೆ ಖುಷಿಯಿಲ್ಲದೆಯೂ.
ಮೊದಲ ಹಡಗು.
ಮನೆಯೂ ಇಲ್ಲದ, ಕೂಡೂ ಇಲ್ಲದ ಮೊದಲ ಕ್ರಿಸ್ಮಸ್ಸು.

ನಾಲ್ಕನೆಯದನ್ನೂ ಇವತ್ತೇ ಹಚ್ಚಿಬಿಡೋಣ, ಹುಡುಗನಿಗಾಗಿ,
ಅಂದ ರುಜಾರ್. ಕಡ್ಡಿ ಗೀರಿಯೂ ಗೀರಿದ.
ಬಸ್ತಾಂವ್ ಮಾಮ ಬಾಗಿ ಊದಿ ಆರಿಸಿದ.
‘ಉಬ್ಬರಕ್ಕೆ ಮೊದಲೇ ಲಂಗರ ಎತ್ತಿದರೆ
ಹಡಗು ಹೋಗುವುದಿಲ್ಲ ಮಗಾ, ತಳ ಉಜ್ಜುತ್ತದೆ.’
ಅಷ್ಟೇ. ಬೈದದ್ದಲ್ಲ.
ನಾಲ್ಕನೆಯ ಬತ್ತಿ ಕಿತ್ತು, ಎಣ್ಣೆಕಾಗದದಲ್ಲಿ ಸುತ್ತಿ
ಕೈತಾನನ ಚೀಲದಲ್ಲಿ, ಉಣ್ಣೆಯ ಟೊಪ್ಪಿಗೆಯೊಳಗೆ ಇಟ್ಟ.
ಹಡಗಿನ ಕ್ಯಾಬಿನ್ನಿನಲ್ಲಿ ಬೆಂಕಿ ಹಚ್ಚುವಂತಿಲ್ಲ.
ಅದು ಎಲ್ಲರಿಗೂ ಗೊತ್ತಿತ್ತು.
ಯಾರೂ ಹೇಳಲಿಲ್ಲ.

ಇವತ್ತು ನಾಲ್ಕನೆಯ ಭಾನುವಾರ.
ಹಗ್ಗದ ಬಳೆಯಲ್ಲಿ ಮೂರು ಉರಿಯುತ್ತಿವೆ,
ಒಂದಕ್ಕಿಂತ ಒಂದು ಗಿಡ್ಡ. ನಾಲ್ಕನೆಯ ಗ್ಲಾಸು ಖಾಲಿ.
ಅಂಗಡಿ ಕೆಳಗೇ ಇದೆ, ಬತ್ತಿಗೆ ಹತ್ತು ರೂಪಾಯಿ.
ಯಾರೂ ಇಳಿದು ಹೋಗಲಿಲ್ಲ.
ಕಡಲ ಮೇಲೆ ಎಲ್ಲೋ ಒಂದು ಟೊಪ್ಪಿಗೆಯೊಳಗೆ
ಅದು ಹಚ್ಚದೆಯೇ ಇದೆ.

ಎಂಟು ಹೊಡೆಯಿತು.
ಕೈ ಒರೆಸಿಕೊಂಡು ಬಾಗಿಲಲ್ಲಿ ನಿಂತೆ, ದಿನದ ಹಾಗೆ.
ಬೀಗ ಹಾಕಿದ ಕೈತಾನನ ಟ್ರಂಕಿನ ಮೇಲೆ ಯಾರೂ ಇರಲಿಲ್ಲ.
ಇನಾಸ್ ತಿರುಗಿ ನೋಡಿದ. ಅದರ ಧೂಳನ್ನು
ಅಂಗೈಯಲ್ಲಿ ಒರೆಸಿ
ತನಗೆ ಬಾರದ ಭಾಷೆಯಲ್ಲಿ ಅಂದ:
‘ಕೂಡು.’

ಒಳಗೆ ಬೇಳೆ ಇನ್ನೂ ಬೆಂದಿರಲಿಲ್ಲ.
ಕೂತೆ.