ಅರಿವೆ

ಆರು ದಿನದ ಕೂಸು. ಅಳು ನಿಂತು ಒಂದು ದಿನ.
ಮೊಲೆ ಬಾಯಿಗಿಟ್ಟರೆ ಮುಖ ತಿರುವುತ್ತದೆ.
ಸಕ್ಕರೆ ಸರಿ, ಕಾಮಾಲೆ ಇಲ್ಲ, ರಕ್ತದಲ್ಲಿ ನಂಜಿಲ್ಲ.
ಬೀದರಿನ ಈ ಲ್ಯಾಬಿನಿಂದ ನಾನೇ ಸಹಿ ಹಾಕಿ
ಕಳಿಸಿದ್ದೆ ವರದಿ: ಏನೂ ಇಲ್ಲ.

ಆಗ ಕಿಟಕಿಗೆ ಬಂದವಳು ಪುತಳಾಬಾಯಿ,
ಕೂಸಿನ ಅಜ್ಜಿ, ಭಾಲ್ಕಿ ಕಡೆಯವಳು,
ಮೂವತ್ತು ಸುಗ್ಗಿ ಗಾಣದ ಕೊಪ್ಪರಿಗೆ ಮುಂದೆ ನೊರೆ ತೆಗೆದವಳು.
ಒದ್ದೆ ಅರಿವೆಯೊಂದನ್ನು ಜಾಲರಿಯೊಳಗೆ ತೂರಿಸಿ,
"ಮೂಸಿ ನೋಡ್ರಿ ಅಕ್ಕೋರೆ, ಕೂಸಿನ ಉಚ್ಚಿ ಅರಿವಿ.
ಪಾಕ ತಳಾ ಹಿಡಿಯೋ ಮುಂದ ಹಿಂಗೇ ಬರ್ತದ.
ಡಾಕ್ಟರ್ ನಕ್ಕರು. ನೀವು ನಗಬ್ಯಾಡ್ರಿ."

ನಗಲಿಲ್ಲ. ಜಾಣೆ ಅಂತಲ್ಲ.
ಬಿ.ಎಸ್ಸಿ. ಎರಡನೇ ವರ್ಷದ ಪುಸ್ತಕ,
ಪುಟದ ಬುಡದಲ್ಲಿ ಸಣ್ಣಕ್ಷರದ ಒಂದು ಸಾಲು,
ಪರೀಕ್ಷೆಗೆ ಬರುವುದಿಲ್ಲವೆಂದು ಹಾರಿಸಿದ್ದು,
ಇಪ್ಪತ್ತೊಂದು ವರ್ಷ ಕಾದಿದ್ದು
ಮೂಗಿನೊಳಗೆ ಎದ್ದು ಕೂತಿತು.

ಊಟದ ಬಿಡುವಿನಲ್ಲಿ ಸ್ಕೂಟಿ ತೆಗೆದು
ಓದಿದ ಕಾಲೇಜಿಗೇ ಹೋದೆ. ಅಟೆಂಡರ್ ಘಾಳೆಪ್ಪ,
ಕೀಟೋನು ಹಿಡಿಯಲು ಹುಡುಗರು ಬಳಸುವ ಕಿತ್ತಳೆ ದ್ರಾವಣವನ್ನು
ಕೆಮ್ಮಿನ ಔಷಧದ ಶೀಶೆಗೆ ಬಗ್ಗಿಸಿ ಕೊಟ್ಟ,
ರಸೀದಿಯಿಲ್ಲದೆ, ಯಾಕೆಂದು ಕೇಳದೆ.
ಇಷ್ಟು ಉಚ್ಚೆ, ಅಷ್ಟೇ ದ್ರಾವಣ. ಎಣಿಸುತ್ತ ನಿಂತೆ.
ನೂರು ಮುಟ್ಟಿರಲಿಲ್ಲ,
ನಳಿಕೆಯಲ್ಲಿ ಹಳದಿ ಮೋಡ,
ಹೂ ಹಿಡಿದ ತೊಗರಿ ಹೊಲದ ಹಳದಿ,
ಮೆಲ್ಲಗೆ ಇಳಿದು ತಳದಲ್ಲಿ ಕೂತಿತು.

ಹೇಗೆ ಹೇಳಲಿ ಪುತಳಾಬಾಯಿಗೆ?
ಹಾಲಿನಲ್ಲಿರುವುದು ಪೋಣಿಸಿದ ಸರ, ಅವ್ವಾ.
ಇಪ್ಪತ್ತೇ ಬಗೆಯ ಮಣಿ. ಅಷ್ಟರಲ್ಲೇ
ರೆಪ್ಪೆ, ಉಗುರು, ಗುಂಡಿಗೆಯ ಹುರಿ.
ಹೊಟ್ಟೆ ಸರ ಹರಿದು ಮಣಿ ಬಿಡಿಸುತ್ತದೆ.
ಒಳಮನೆಯಲ್ಲೊಂದು ಚೀಟಿ,
ಮೂರು ಮೂರು ಅಕ್ಷರಕ್ಕೆ ಒಂದೊಂದು ಮಣಿಯೆಂದು
ಹೊಸ ಸರ ಪೋಣಿಸುವ ಕೈಗೆ ಕಣ್ಣಿಲ್ಲ.
ಪೋಣಿಸಿದ ಸರ ತಾನಾಗಿ ಹೊರಳಿ, ಮಡಿಚಿ,
ನೀರು ಕಂಡರಾಗದ ಮಣಿಗಳು ಒಳಗೆ ಅಡಗಿ
ಒಂದು ಕೀಲಿಯಾಗುತ್ತದೆ, ಒಂದು ಕತ್ತರಿಯಾಗುತ್ತದೆ.
ಅಡಗುವವರಲ್ಲಿ ಮೂವರು
ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್.
ಮಿಕ್ಕ ಮಣಿಗೆ ಮೈಯಲ್ಲಿ ಹಗೇವು ಇಲ್ಲ, ಸುಡಲೇಬೇಕು.
ಈ ಮೂವರನ್ನು ಸುಡುವ ಒಲೆ
ಈ ಕೂಸಿನಲ್ಲಿ ಹೊತ್ತಿಲ್ಲ.
ಅರೆಬೆಂದದ್ದು ರಕ್ತದಲ್ಲಿ ನಿಂತು ನೆತ್ತಿಗೇರುತ್ತಿದೆ.

ಇಷ್ಟು ಹೇಳಲಿಲ್ಲ.
"ನಿಮ್ಮ ಮೂಗು ಖರೇ ಅದ" ಅಂದೆ.
"ಹಂಗಾದ್ರ ತಾಯಿ ಹಾಲೇ ಇಸಾ ಆಯ್ತೇನ್ರಿ?"

ಆ ಕಡೆ ಬೆಂಚಿನ ಮೇಲೆ ಸುರೇಖಾ,
ಎದೆ ಬಿಗಿದು, ಸೆರಗು ನೆನೆದು ಕೂತಿದ್ದಳು.
ಮಗಳ ಮಗಳನ್ನೇ ಮಗನಿಗೆ ತಂದುಕೊಂಡ ಮನೆ.
ಒಂದೇ ಕಾಗುಣಿತದ ತಪ್ಪು
ಎರಡು ಕೈಯಲ್ಲಿ ನಕಲಾಗಿ
ಒಂದೇ ಹಾಳೆಗೆ ಬಂದು ಬಿದ್ದಿತ್ತು.
ಅದನ್ನೂ ಹೇಳಲಿಲ್ಲ. ಪುತಳಾಬಾಯಿ ಕೇಳಲೂ ಇಲ್ಲ.
ಅರಿವೆಯನ್ನು ಮಾತ್ರ ಹಿಂಡಿದಳು,
ನೀರೆಲ್ಲ ಹೋದ ಮೇಲೂ ಹಿಂಡುತ್ತಲೇ ಇದ್ದಳು.

ಆ ರಾತ್ರಿ ಆಂಬುಲೆನ್ಸ್ ಜಹೀರಾಬಾದ್ ದಾಟಿ ಹೈದರಾಬಾದಿಗೆ.

ಈಗ ಒಂದೂವರೆ ವರ್ಷ.
ಹುಡುಗ ಗೋಡೆ ಹಿಡಿದು ನಡೆಯುತ್ತಾನೆ. ಕತ್ತು ಇನ್ನೂ ಸ್ವಲ್ಪ ವಾಲುತ್ತದೆ.
ಆ ಮೂರೂ ಇಲ್ಲದ ಪುಡಿ ಪಾರ್ಸೆಲ್ಲಿನಲ್ಲಿ ಬರುತ್ತದೆ,
ಒಮ್ಮೊಮ್ಮೆ ಬರುವುದಿಲ್ಲ.
ತೊಗರಿ ಬೆಳೆವ ಮನೆಯಲ್ಲಿ ಬೇಳೆಕಟ್ಟು ಅರ್ಧ ಚಮಚ,
ಅಕ್ಕಿಯನ್ನು ತೂಗುವುದು ಅಕ್ಕಸಾಲಿಯ ತಕ್ಕಡಿ.
ಒಲೆಯಿಲ್ಲದವನಿಗೂ ಆ ಮೂವರು ಬೇಕು,
ಮೈ ಕಟ್ಟುವಷ್ಟು. ಒಂದು ಮಣಿ ಹೆಚ್ಚಲ್ಲ.

ಹದಿನೈದು ದಿನಕ್ಕೊಮ್ಮೆ ರಕ್ತ ತೆಗೆದು ಕಳಿಸುತ್ತೇನೆ,
ವರದಿ ಬರಲು ನಾಲ್ಕು ದಿನ.
ಪುತಳಾಬಾಯಿಯ ವರದಿ ದಿನಾ ನಸುಕಿಗೆ,
ನಲ್ಲಿಕಟ್ಟೆಯಲ್ಲಿ, ಒಗೆಯುವ ಮುಂಚೆ.

"ಈ ವರ್ಷ ಗಾಣಕ್ಕ ಹೋಗಲಿಲ್ಲೇನು?" ಎಂದು ಕೇಳಿದೆ ಮೊನ್ನೆ.
"ಬಿಟ್ಟೀನ್ರಿ. ಅಲ್ಲಿ ಗಾಳೀಗೆಲ್ಲಾ ಅದೇ ವಾಸನಿ.
ಮೂಗು ರೂಢಿ ಆಗಿಬಿಟ್ರ
ಇವನ್ನ ಯಾರು ನೋಡ್ತಾರ?"