ಆನೆಗೆಂದು ಬಿಟ್ಟ ಖಾನೆ

ಬಿಸಿಲೆಯ ಗೇಟಿನಿಂದ ಕೆಮ್ಮಣ್ಣುಗುಂಡಿಯ ಮೈಲಿಗಲ್ಲಿಗೆ
ನೂರ ತೊಂಬತ್ತೆಂಟು ಕಿಲೋಮೀಟರು, ಹತ್ತಿ ಇಳಿದು ಹತ್ತಿ.
ಕೊಪ್ಪದ ಆ ಹುಡುಗ ಮುಗಿಸಿದ್ದು
ಐವತ್ತೆಂಟು ಗಂಟೆ ಹನ್ನೊಂದು ನಿಮಿಷಕ್ಕೆ.
ಅವನ ಕಾಲು ನೋಡಿದ್ದೇನೆ.
ಕಾಲಿನ ವಿಷಯದಲ್ಲಿ ನನಗೆ ಆಸೆಯಿಲ್ಲ.

ನನ್ನದೇನಿದ್ದರೂ ಲೆಕ್ಕ.
ವಾರ್ಡಿನ ಹಳೇ ಜ್ವರದ ಚಾರ್ಟು, ಅದರ ಬೆನ್ನಿಗೆ
ಗಂಟೆಗೊಂದರಂತೆ ಐವತ್ತೆಂಟು ಖಾನೆ.
ಆ ಹುಡುಗ ಕೂತದ್ದು, ಮಲಗಿದ್ದು, ಸಾಕ್ಸು ಬದಲಿಸಿದ್ದು,
ಯಾರ ಜೊತೆಗೋ ನಿಂತು ಫೋಟೋ ತೆಗೆಸಿಕೊಂಡದ್ದು
ಎಲ್ಲ ಸೇರಿ ಒಂಬತ್ತು ಗಂಟೆ.
ಅವನನ್ನು ಓಡಿ ಹಿಡಿಯಲಾರೆ;
ಅವನು ಕೂತಲ್ಲಿ ದಾಟಬೇಕು.

ಸಕಲೇಶಪುರದ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ನೈಟ್ ಡ್ಯೂಟಿ.
ನಿದ್ದೆಯನ್ನು ತುಂಡು ಮಾಡಿ ನುಂಗುವುದು ಗೊತ್ತು,
ಮಾತ್ರೆಯ ಹಾಗೆ, ನೀರಿಲ್ಲದೆ.
ಬೆಳಗಿನ ಜಾವ ಮೂರರಿಂದ ನಾಲ್ಕೂವರೆ,
ಕಾಯಿಲೆಯವರೂ ಸೋಲುವ ಹೊತ್ತು, ಕಾಯುವವರೂ.
ಆಗ ಯಾವ ತೀರ್ಮಾನವನ್ನೂ ಮಾಡಬಾರದು.
ಅದಕ್ಕೇ ಆ ಖಾನೆಗಳಲ್ಲಿ ಏರು ಇಟ್ಟಿದ್ದೇನೆ:
ಮೊದಲ ರಾತ್ರಿ ದೇವರಮನೆ, ಮಾರನೆಯ ರಾತ್ರಿ ಮುಳ್ಳಯ್ಯನಗಿರಿ.
ಏರಿನಲ್ಲಿ ತೀರ್ಮಾನವಿಲ್ಲ.
ಒಂದು ಕಾಲು, ಆಮೇಲೆ ಇನ್ನೊಂದು.

ಬ್ರಷ್ಷಿನ ಹಿಡಿ ಕತ್ತರಿಸುತ್ತಾರಂತೆ ಕೆಲವರು, ಭಾರವೆಂದು.
ನಾನು ಬ್ರಷ್ಷೇ ಒಯ್ಯುತ್ತಿಲ್ಲ.
ಮಾಂಗಲ್ಯದ ಸರ ಇಪ್ಪತ್ತೆರಡು ಗ್ರಾಂ, ಬೀರುವಿನಲ್ಲಿಟ್ಟೆ.
ಅದು ತೂಕದ ಪ್ರಶ್ನೆಯೆಂದು
ಅತ್ತೆ ಒಪ್ಪಲಿಲ್ಲ.

ಹುರಿಹಿಟ್ಟಿನ ಉಂಡೆ ಮೂವತ್ತನೇ ಗಂಟೆಯವರೆಗೆ ಮಾತ್ರ.
ಆಮೇಲೆ ಅಗಿಯುವುದೂ ಒಂದು ಗುಡ್ಡ.
ಗಂಜಿ, ಉಪ್ಪು, ಓಆರೆಸ್ಸು.

ಹಾದಿ ಐದು ಕಡೆ ಟಾರು ರಸ್ತೆಗೆ ಸಿಗುತ್ತದೆ.
ಐದು ಕಡೆಯೂ ತೀರ್ಥೇಶ ಇರಬೇಕು, ಅವನ ಓಮ್ನಿ ಇರಬೇಕು.
ಆಂಬುಲೆನ್ಸ್ ಬಿಟ್ಟು ನಾಲ್ಕು ದಿನ ರಜೆ ಹಾಕಿದ್ದಾನೆ.
ಅವನಿಗೆ ಎರಡೇ ನಿಯಮ:
ಕುರ್ಚಿ ತರಬೇಡ.
ಹೇಗಿದ್ದೀರಿ ಅಂತ ಕೇಳಬೇಡ,
ಕೇಳಿದರೆ ಯೋಚಿಸುತ್ತೇನೆ, ಯೋಚಿಸಿದರೆ ಗೊತ್ತಾಗಿಬಿಡುತ್ತದೆ.
‘ಹಿಂದೆ ಮಲಗಿರೋರ್ನ ನಾ ಯಾವತ್ತು ಕೇಳಿದೀನಿ ಸಿಸ್ಟ್ರೆ’ ಅಂದ.

ಇಷ್ಟೆಲ್ಲ ತುಂಬಿದ ಮೇಲೂ
ಹೆತ್ತೂರಿಗೂ ಹಾನುಬಾಳಿಗೂ ನಡುವೆ, ಮೊದಲ ಸಂಜೆ,
ಎರಡು ಖಾನೆ ಖಾಲಿ.
ಎಡಕ್ಕೂ ತೋಟ, ಬಲಕ್ಕೂ ತೋಟ.
ಆನೆಯ ಬಳಿ ನನ್ನ ಚಾರ್ಟಿನ ಪ್ರತಿಯಿಲ್ಲ.

ಹೋದ ಕೊಯ್ಲಿನಲ್ಲಿ ಒಬ್ಬಳನ್ನು ತಂದಿದ್ದರು.
ತೀರ್ಥೇಶನೇ ತಂದದ್ದು.
ಸೊಂಟಕ್ಕೆ ಕಟ್ಟಿದ ಚೀಲದಲ್ಲಿ ಕಾಫಿ ಹಣ್ಣು
ಇನ್ನೂ ಒದ್ದೆಯಿತ್ತು; ಬಿಚ್ಚುವಾಗ
ಒಂದೊಂದೇ ನೆಲಕ್ಕುರುಳಿ ಮಂಚದಡಿ ಸೇರಿದವು.
ಬಸ್ಸು ತಪ್ಪುತ್ತದೆಂದು ಅಡ್ಡದಾರಿ ಹಿಡಿದಿದ್ದಳಂತೆ.
ಉಳಿಯುತ್ತಿದ್ದದ್ದು ಹನ್ನೆರಡು ನಿಮಿಷ.
ರಿಜಿಸ್ಟರಿನಲ್ಲಿ ಹೊತ್ತು ಬರೆದವಳು ನಾನು:
ರಾತ್ರಿ ಒಂಬತ್ತು ಹತ್ತು.
ಬೆಳಿಗ್ಗೆ ಗುಡಿಸುವವಳು ಹಣ್ಣು ಹೆಕ್ಕಿ
ಕಿಟಕಿಯಲ್ಲಿಟ್ಟಿದ್ದಳು, ಯಾರಾದರೂ ಕೇಳಿಯಾರೆಂದು.

ಅದಕ್ಕೇ ಎರಡು ಗಂಟೆ ಬಿಟ್ಟಿದ್ದೇನೆ, ಆನೆಗೆ.
ನಿಂತರೆ ನಿಲ್ಲುವುದು. ಮರದ ಮರೆಯಲ್ಲಿ, ಗಾಳಿಗೆದುರಾಗಿ,
ವಾಚು ನೋಡದೆ.
ಮುರಿಯಬೇಕಾದ್ದು ದಾಖಲೆ ಮಾತ್ರ.

ಎಲ್ಲ ಕೂಡಿದರೆ ಐವತ್ತೇಳು ಗಂಟೆ, ಐದು ನಿಮಿಷ.
ಗೆದ್ದರೆ ಅರವತ್ತಾರು ನಿಮಿಷ ಗೆದ್ದಂತೆ.
ಅಷ್ಟು ನಿಮಿಷ ಇಟ್ಟುಕೊಂಡು ಏನು ಮಾಡುತ್ತೀ
ಎಂದು ಗಂಡ ಕೇಳಿದ, ತಮಾಷೆಗಲ್ಲ.
ಉತ್ತರಕ್ಕೆ ಖಾನೆ ಹಾಕಿರಲಿಲ್ಲ.

ಈಗ ಸಂಜೆ ಏಳೂವರೆ. ನಾಳೆ ನಾಲ್ಕಕ್ಕೆ ಹೊರಡುವುದು.
ಉಗುರು ಕತ್ತರಿಸಿದೆ, ಹಿಮ್ಮಡಿಗೆ ಪ್ಲಾಸ್ಟರು ಸುತ್ತಿದೆ.
ನನ್ನ ಮೂರು ನೈಟು ಶಕೀಲಾ ನೋಡಿಕೊಳ್ಳುತ್ತಾಳೆ, ಸಾಲ.
ದೀಪ ಆರಿಸಿ ಮಲಗಿದರೆ
ತಲೆಯ ಪಕ್ಕ ಫೋನು ನಡುಗುತ್ತದೆ, ಅರಣ್ಯ ಇಲಾಖೆ:
ಹೆತ್ತೂರು ಸುತ್ತ ಏಳು ಆನೆ, ಒಂದು ಮರಿ. ಎಚ್ಚರ.

ಮರಿಯಿದ್ದರೆ ನಿಧಾನ ನಡೆಯುತ್ತವೆ.
ಎದ್ದು, ಕತ್ತಲಲ್ಲೇ, ಪೆನ್ಸಿಲಿಗೆ ತಡಕುತ್ತೇನೆ.