ಮುನಿಸೆಳೆ

ಗೂಡಿನ ಮಾರ್ಕೆಟ್ಟಿನಲ್ಲಿ ಇಪ್ಪತ್ತೆಂಟು ವರ್ಷ
ಲಾಟಿನ ಚೀಟಿ ಬರೆದವನು ನಾನು.
ಯಾವ ಊರು, ಯಾರ ಹುಳು, ಎಷ್ಟು ಕಿಲೋ.
ಹೆಸರಿಲ್ಲದ ಗೂಡು ಶಿಡ್ಲಘಟ್ಟದಲ್ಲಿ
ತಕ್ಕಡಿ ಹತ್ತುವುದಿಲ್ಲ.

ರಿಟೈರಾದ ಮೇಲೆ ಪದಕೋಶವೊಂದು ಮಾಡಿದೆ,
ಬಿಚ್ಚಣಿಕೆಯವರ ಬಾಯಿಮಾತು,
ಒಂಬೈನೂರ ಹನ್ನೆರಡು ಪದ, ಮುನ್ನೂರು ಪ್ರತಿ,
ಅರ್ಧ ಇನ್ನೂ ಮಂಚದಡಿ.
ಲೈಬ್ರರಿ ಹುಡುಗ ಕೇಳಿದ:
ಫೋಟೋ ಹೊಡೆದು ಇಂಟರ್ನೆಟ್ಟಿಗೆ ಹಾಕಲಾ ಸಾರ್?
ಹಾಕಪ್ಪ, ಓದಲಿ, ಅಂದೆ.
ಓದುವವರು ಮನುಷ್ಯರು ಅಂದುಕೊಂಡಿದ್ದೆ.

ಮೊನ್ನೆ ಮೊಮ್ಮಗಳು ಫೋನಿನ ಯಂತ್ರವನ್ನು ಕೇಳಿದಳು,
ಮುನಿಸೆಳೆ ಅಂದರೇನು?
ಅದು ತಡವರಿಸಲಿಲ್ಲ:
"ಕುದಿನೀರಿನಲ್ಲಿ ತುಂಡಾಗಿ, ಕರೆದರೂ ಬಾರದೆ,
ತಳದಲ್ಲಿ ಕೂತ ಎಳೆ.
ಶಿಡ್ಲಘಟ್ಟ ಸೀಮೆಯ ಹಿರಿಯರ ಮಾತು."

ನನ್ನ ವಾಕ್ಯ. ಅಲ್ಪವಿರಾಮ ಸಮೇತ.
ಆದರೆ ಯಾವ ಹಿರಿಯರೂ ಅಂದದ್ದಲ್ಲ ಅದು.
ಪುಟ ನೂರನಾಲ್ಕರಲ್ಲಿ ಜಾಗ ಉಳಿದಿತ್ತು,
ಕರೆಂಟು ಹೋಗಿತ್ತು, ನರಸಮ್ಮ ಮಾತುಬಿಟ್ಟು
ಗೋಡೆಕಡೆ ತಿರುಗಿ ಮಲಗಿದ್ದಳು.
ನಾನೇ ಹೊಸೆದೆ.

ಚಿಕ್ಕಬಳ್ಳಾಪುರದ ವಕೀಲ ಅಶ್ವತ್ಥರೆಡ್ಡಿ
ಕನ್ನಡಕ ಹಣೆಗೇರಿಸಿದರು.
"ಅದು ಬರೀ ಓದಿಕೊಂಡಿತು ಅಂತಾರೆ ಅವರು,
ಮಗು ಓದುವ ಹಾಗೆ. ನ್ಯಾಯವಾದ ಬಳಕೆ ಅಂತಾರೆ."
ಇರಬಹುದು ಸ್ವಾಮಿ. ನಮ್ಮಲ್ಲಿ
ಹುಳು ಮೂರನೇ ಜ್ವರಕ್ಕೆ ಏಳುವ ಮೊದಲು ತಿಂದ
ಸೊಪ್ಪಿಗೂ ಮೂಟೆಯ ಲೆಕ್ಕ ಇದೆ.
"ಸರಿ, ಹಾಕೋಣ ಕೇಸು. ಮಿಕ್ಕ ಪದ ಊರಿನವು,
ಊರಿನ ಮಾತಿಗೆ ಕಾಪಿರೈಟ್ ಇಲ್ಲ.
ಇದೊಂದು ನೀವು ಕಟ್ಟಿದ್ದು ಅಂತ ತೋರಿಸಲು
ಹಿರಿಯರ ಮಾತು ಅಂತ ಬರೆದದ್ದು ಸುಳ್ಳು ಎಂದು
ನೀವೇ ಅಫಿಡವಿಟ್ ಕೊಡಬೇಕು."

ಒಂಬೈನೂರ ಹನ್ನೆರಡರಲ್ಲಿ
ಸುಳ್ಳೊಂದೇ ನನ್ನ ಆಸ್ತಿ.

ಬಸ್ಸಿಳಿದವನು ಹಾಜಿರಾಬಿಯ ಬಾಣಲೆ ಹತ್ತಿರ ಹೋದೆ.
ಇನ್ನೂರು ಪದ ಆಕೆಯ ಬಾಯಿಂದಲೇ ಬಿಚ್ಚಿಕೊಂಡದ್ದು.
ಎರಡು ಸಲ ಚಹಾ ಕುಡಿಸಿದ್ದೆ.
ಮುನ್ನುಡಿಯಲ್ಲಿ "ಹಲವು ಹೆಂಗಸರು" ಅಂತಿದೆ.
ಆರು ವರ್ಷಕ್ಕೆ ಒಂದು ಪ್ರತಿ ಕೊಟ್ಟೆ.
ನೆಂದು ಬಿಳಿಚಿದ ಬೆರಳು ಸೆರಗಿಗೊರೆಸಿ
ಅಂಗೈಯಲ್ಲಿ ತೂಗಿ ನೋಡಿದಳು:
"ಇದ್ರಲ್ಲಿ ನಂದು ಎಷ್ಟು ಗ್ರಾಮ್ ಐತೆ ಸಾರ್?"

ಚೀಟಿ ಬರೆದ ಕೈ ಜೇಬಿಗೆ ಹೋಯಿತು.
ಪೆನ್ನೇನೋ ಇತ್ತು.
ಅಷ್ಟರಲ್ಲಿ ಎಳೆಯೊಂದು ತುಂಡಾಗಿ
ಆಕೆ ಕುದಿನೀರಿಗೆ ಕೈಯಿಟ್ಟು ತಡಕಿದಳು,
ಅದಕ್ಕೊಂದು ಹೆಸರು ಹಿಡಿದು ಬೈಯುತ್ತಾ.
ಆವಿಯಲ್ಲಿ ಸರಿಯಾಗಿ ಕೇಳಿಸಲಿಲ್ಲ.
ಇನ್ನೊಮ್ಮೆ ಹೇಳಿ ಅನ್ನಲೂ ಇಲ್ಲ ನಾನು.